ಬ್ಯಾಡಗಿಯಲ್ಲಿ ಉಳಿದ ಕೊನೆಯ ಪುಟ

ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಹೊಸದಾಗಿ ಕೂಡುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಗಿರಾಕಿಯ ಮುಖ ನೋಡಬೇಡಿರಿ, ಕೈ ನೋಡಿರಿ. ಕೈ ಯಾವ ಪತ್ರಿಕೆಯ ಕಡೆ ಹೋಗಿ, ಮುಟ್ಟದೆ ವಾಪಸು ಬರುತ್ತದೋ ಅದೇ ಅವನಿಗೆ ಬೇಕಾದದ್ದು.

ಇದನ್ನು ಕಲಿಸಿದವರು ಮೌಲಾಸಾಹೇಬರು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಅಂಗಡಿ ಇತ್ತು. ಅಗಡಿ ಎಂಬ ಹಳ್ಳಿಯವನಾದ ನಾನು ಎಸ್ಸೆಸ್ಸೆಲ್ಸಿ ಹೇಗೋ ಪಾಸಾಗಿ, ಮುಂದೆ ಓದುವ ಮನಸ್ಸಿಲ್ಲದೆ, ಎಂಬತ್ತರ ದಶಕದ ಮೊದಲಲ್ಲಿ ಅವರ ಕೈಕೆಳಗೆ ಸೇರಿಕೊಂಡೆ. ಅವರ ನಂತರ ಅಂಗಡಿ ನನ್ನದಾಯಿತು, ಈಗ ಅದನ್ನೂ ಬಿಟ್ಟು ಮನೆಯಲ್ಲಿದ್ದೇನೆ. ಮಾಲೀಕನಾದದ್ದು ಹೇಳಿಕೊಳ್ಳುವಂಥ ಕಥೆಯಲ್ಲ. ಹೇಳಬೇಕಾದದ್ದು ಬೇರೆ ಇದೆ. ಹಾವೇರಿಯ ಹೈಸ್ಕೂಲಿನ ಒಬ್ಬ ಅಕ್ಕೋರ ಹೆಸರನ್ನು, ನನ್ನ ನಾಲಿಗೆಯಿಂದ, ನಾನು ಕೆಡಿಸಿದೆ. ಆದರೆ ಆಗಿನ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಮೊದಲು ಹೇಳದಿದ್ದರೆ ಆ ತಪ್ಪು ನಿಮಗೆ ತಿಳಿಯುವುದಿಲ್ಲ.

ಆ ಕಾಲಕ್ಕೆ ಅಮೆರಿಕದ ಒಂದು ದೊಡ್ಡ ಪತ್ರಿಕೆ ದೇಶಕ್ಕೊಂದು ಆವೃತ್ತಿ ತೆಗೆಯುತ್ತಿತ್ತು. ಜಪಾನಿಗೊಂದು, ಹಾಂಗ್‌ಕಾಂಗಿಗೊಂದು. ಗಂಡಸರಿಗಾಗಿ ಮಾಡಿದ್ದು. ಮಧ್ಯದಲ್ಲಿ ಅರೆಬಟ್ಟೆಯ ಹೆಂಗಸರ ಚಿತ್ರ, ಸುತ್ತಲೂ ಕಾರು, ಸೆಂಟು, ದೊಡ್ಡ ಮನುಷ್ಯರ ಸಂದರ್ಶನ, ಕಥೆ. ನಮ್ಮ ದೇಶಕ್ಕೆ ಅದು ಬರಲಿಲ್ಲ. ಅದೇ ಅಚ್ಚಿನಲ್ಲಿ ಮುಂಬೈಯವರು ಒಂದು ಇಂಗ್ಲಿಷ್ ಮಾಸಪತ್ರಿಕೆ ತೆಗೆದರು. ನಮ್ಮ ಗಿರಾಕಿಗಳು ಅದನ್ನು ಹೆಸರು ಹಿಡಿದು ಕೇಳಿದ್ದು ನಾನು ಕೇಳಿಯೇ ಇಲ್ಲ. ‘ಮುಂಬೈದು’ ಎನ್ನುತ್ತಿದ್ದರು.

ಮೌಲಾಸಾಹೇಬರಿಗೆ ಅದು ಬೇಡವಾಗಿತ್ತು. ಆದರೆ ಹುಬ್ಬಳ್ಳಿಯ ದೊಡ್ಡ ಏಜೆಂಟರು, ಇದನ್ನು ತೆಗೆದುಕೊಂಡರೆ ಮಾತ್ರ ಹೆಂಗಸರ ವಾರಪತ್ರಿಕೆ ಬೇಕಾದಷ್ಟು ಕಳಿಸುತ್ತೇವೆ ಎಂದುಬಿಟ್ಟಿದ್ದರು. ಹೀಗಾಗಿ ಮುಂಬೈ ಬಂಡಲು ಬಂದ ದಿನ ಸಾಹೇಬರು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದರು.

“ನಿಂಗಪ್ಪ, ಬಿಚ್ಚಿದ್ಯೇನು?”

“ಬಿಚ್ಚೇನ್ರಿ.”

“ಖಾಕಿ ಕಾಗದ ಸುತ್ತಿದ್ಯೇನು?”

“ಸುತ್ತಾಕತ್ತೇನ್ರಿ.”

“ಲಗೂ ಸುತ್ತಪಾ. ನಾ ಹಜ್‌ಗೆ ಹೋಗಾಂವ. ಅದು ನನ್ನ ಕಣ್ಣಿಗೆ ಬೀಳಬಾರದು, ಆದ್ರ ದುಕಾನದಾಗ ಇರಬೇಕು!”

ಕೊನೆಯವರೆಗೂ ಅವರು ಒಂದು ಪುಟವನ್ನೂ ನೋಡಲಿಲ್ಲ. ಯಾವ ತಿಂಗಳು ಎಷ್ಟು ಪ್ರತಿ ಖರ್ಚಾಯಿತು ಎಂಬುದು ಮಾತ್ರ ಅವರಿಗೆ ಬಾಯಿಪಾಠ.

ಗಿರಾಕಿಗಳು ಒಬ್ಬೊಬ್ಬರೂ ಒಂದೊಂದು ನಮೂನೆ. ಬೀಜದ ಕಂಪನಿಯ ಮ್ಯಾನೇಜರರು ಕೆಮ್ಮುತ್ತಿದ್ದರು. ಒಮ್ಮೆ ಕೆಮ್ಮಿದರೆ ಒಂದು ಪ್ರತಿ, ಮತ್ತೊಮ್ಮೆ ಕೆಮ್ಮಿದರೆ ಷಡ್ಡಕನಿಗೂ ಒಂದು. ಚಳಿಗಾಲದಲ್ಲಿ ಅವರಿಗೆ ನಿಜವಾದ ಕೆಮ್ಮು ಹತ್ತಿದಾಗ ನಾನು ಪೊಟ್ಟಣದ ಮೇಲೆ ಪೊಟ್ಟಣ ಇಟ್ಟು ಬೈಸಿಕೊಂಡಿದ್ದೂ ಉಂಟು.

ಇಂಥ ಗಿರಾಕಿಯನ್ನು ನಾವಾಗಿ ಮಾತಾಡಿಸಬಾರದು. ಇದು ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಒಂದು ಆಷಾಢದಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರು ಅಂಗಡಿಯ ಮುಂದೆ ಹಾದುಹೋಗುತ್ತಿದ್ದರು. ವ್ಯಾಪಾರದ ಹುರುಪಿನಲ್ಲಿ ನಾನು, “ಸಾಹೇಬರ, ಹೊಸದು ಬಂದೈತ್ರಿ!” ಎಂದು ಕೂಗಿದೆ. ಹಿಂದೆ ಅವರ ಅತ್ತೆ ಇದ್ದದ್ದನ್ನು ನೋಡಿರಲಿಲ್ಲ.

“ಏನು ಹೊಸದು?” ಎಂದಳು ಮುದುಕಿ.

ಗುಮಾಸ್ತರ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು, “ಪಂಚಾಂಗರೀ ಅಮ್ಮಾರ,” ಎಂದೆ.

“ಆಷಾಢದಾಗ ಹೊಸಾ ಪಂಚಾಂಗ? ಯಾವ ಊರ ಜೋಯಿಸ ಬರದಾನು?”

ಹಳೆಯ ಪಂಚಾಂಗವೊಂದನ್ನು ಹುಡುಕಿ ತೆಗೆದುಕೊಟ್ಟೆ. ಅದನ್ನು ತಿರುವಿ ಹಾಕಿ, “ಇದು ಉಗಾದಿದ ಐತಲ್ಲೊ. ಧೂಳ ಅಷ್ಟ ಹೊಸದು,” ಎಂದು ನನ್ನ ತಲೆಗೆ ಅದರಿಂದಲೇ ಒಂದು ಬಡಿದು ಹೋದಳು. ಗುಮಾಸ್ತರು ಆಮೇಲೆ ಪತ್ರಿಕೆಗೆ ದಾವಣಗೆರೆಗೇ ಹೋಗುತ್ತಿದ್ದರಂತೆ.

ಹಾವೇರಿಯ ವಕೀಲರೊಬ್ಬರು ಮಾತ್ರ ತಲೆ ಎತ್ತಿ ಕೊಳ್ಳುತ್ತಿದ್ದರು. “ನಾ ಲೇಖನ ಓದಾಕ ತಗೋತೀನಿ. ಅದರಾಗಿನ ಲೇಖನ ಭಾಳ ಚಲೋ ಇರ್ತಾವ,” ಎಂದು ನಾಲ್ಕು ಜನ ಕೇಳುವಂತೆ ಹೇಳುವರು. ಹಡಗಿನಲ್ಲಿ ಕೆಲಸಕ್ಕಿದ್ದ ನಮ್ಮೂರಿನವನೊಬ್ಬ ರಜೆಗೆ ಬಂದಾಗ ಹಾಂಗ್‌ಕಾಂಗ್ ಆವೃತ್ತಿಯ ಒಂದು ಪ್ರತಿ ತಂದು ನಮಗೆ ಮಾರಿದ. ಪೂರಾ ಚೀನೀ ಅಕ್ಷರ. ವಕೀಲರು ಅದನ್ನೂ ಕೊಂಡರು. ಮರುವಾರ ಅವರು ರಾಣೆಬೆನ್ನೂರಿಗೆ ಬಂದಾಗ ಮೌಲಾಸಾಹೇಬರು ಗೋಡೆ ಕಡೆಯಿಂದಲೇ ಕೇಳಿದರು: “ವಕೀಲ್ ಸಾಬ್, ಲೇಖನ ಹೆಂಗಿದ್ದೂರಿ?”

ಇಂಥ ದಿನಗಳಲ್ಲಿ ನನಗೆ ತಿರುಗಾಟದ ಕೆಲಸವೂ ಇತ್ತು. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂಡಲು ಹೇರಿಕೊಂಡು ಬ್ಯಾಡಗಿಯಲ್ಲಿ ಇಳಿದು ಒಂದಿಷ್ಟು ಹಂಚಿ, ಅಲ್ಲಿಂದ ಹಾವೇರಿಗೆ ಹೋಗಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಹರವಿಕೊಂಡು ಕೂಡುವುದು. ಮಾರಾಟವಾಗದೆ ಉಳಿದ ಪತ್ರಿಕೆಗಳನ್ನು ಇಡಿಯಾಗಿ ವಾಪಸು ಕಳಿಸುತ್ತಿರಲಿಲ್ಲ. ಮುಖಪುಟದಿಂದ ಪತ್ರಿಕೆಯ ಹೆಸರಿದ್ದ ಪಟ್ಟಿಯನ್ನಷ್ಟೇ ಕತ್ತರಿಸಿ ಹುಬ್ಬಳ್ಳಿಗೆ ಕಳಿಸಿದರೆ ಲೆಕ್ಕ ಚುಕ್ತಾ. ಉಳಿದದ್ದನ್ನು ಹರಿದು ಹಾಕಬೇಕು ಎಂಬುದು ನಿಯಮ. ಮುಂಬೈದನ್ನಂತೂ ಸುಡಬೇಕು ಎಂದು ಸಾಹೇಬರ ಕಟ್ಟಪ್ಪಣೆ. ನಾನು ಸುಡಲಿಲ್ಲ. ಅಷ್ಟು ಚಲೋ ಕಾಗದ! ಹಾವೇರಿಯ ಮಿರ್ಚಿ ಬಜ್ಜಿ ಅಂಗಡಿಯವನಿಗೆ ರದ್ದಿಗೆ ಹಾಕಿದೆ.

ಅಲ್ಲಿಂದಲೇ ಸುಶೀಲಾ ಅಕ್ಕೋರು ಬಂದದ್ದು.

ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಒಂದು ಸಂಜೆ ನೇರವಾಗಿ ನನ್ನ ಕಟ್ಟೆಗೆ ಬಂದು ಒಂದು ಹಾಳೆ ಹಿಡಿದರು. ಮಿರ್ಚಿಯ ಎಣ್ಣೆ ಹೀರಿದ ಹಾಳೆ. ಎಣ್ಣೆಗೆ ಕಾಗದ ಪಾರದರ್ಶಕವಾಗಿ, ಹಿಂಬದಿಯ ಹೆಣ್ಣುಮಗಳು ಈಚೆಗೆ ಮೂಡಿದ್ದಳು.

“ಇದು ನಿನ್ನ ರದ್ದಿಯೇನು?”

“ಅಲ್ಲರೀ ಅಕ್ಕೋರ.”

“ಮಿರ್ಚಿ ಅಂಗಡ್ಯಾಂವ ನಿನ್ನ ಹೆಸರ ಹೇಳ್ಯಾನ.”

“ತಪ್ಪಾತ್ರಿ ಅಕ್ಕೋರ, ಇನ್ನ ಮ್ಯಾಲೆ…”

“ತಪ್ಪಿನ ಮಾತು ಆಮ್ಯಾಲೆ. ಈ ಕಡೆ ಒಂದು ಕಥಿ ಐತಲ್ಲ, ಇಲ್ಲಿ ಅರ್ಧಕ್ಕ ನಿಂತೈತಿ. ಮುಂದಿನ ಹಾಳಿ ಎಲ್ಲಿ?”

ಅವರು ಬಿಡಿಸಿ ಹೇಳಿದರು. ಹುಬ್ಬಳ್ಳಿಯ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಅವರು ಇಂಗ್ಲಿಷಿನಿಂದ ಕಥೆ ಅನುವಾದಿಸಿ ಕೊಡುತ್ತಿದ್ದರು. ಹಾವೇರಿಯಲ್ಲಿ ಹೊಸ ಇಂಗ್ಲಿಷ್ ಕಥೆ ಸಿಗುವುದೇ ಕಷ್ಟ. “ಚಿತ್ರ ನನಗ ಬ್ಯಾಡ. ಕಥಿ ಬೇಕು. ಪಿನ್ನು ಬಿಚ್ಚಿ, ಚಿತ್ರ ತಗದು, ಉಳಿದದ್ದು ಹೊಲದು ಕೊಡ್ತೀಯೇನು? ಪೂರ್ತಿ ಕಿಮ್ಮತ್ತು ಕೊಡ್ತೀನಿ. ಯಾರ ಮುಂದೂ ಬಾಯಿ ಬಿಡಬ್ಯಾಡ, ನನ್ನ ನೌಕರಿ ಹೋಗ್ತೈತಿ.”

ಹಾಗೆ ಶುರುವಾಯಿತು. ತಿಂಗಳಿಗೊಮ್ಮೆ ನಾನು ಪಿನ್ನು ಬಿಚ್ಚಿ ಓದುವ ಹಾಳೆಗಳನ್ನು ದಬ್ಬಳದಿಂದ ಹೊಲಿದು, ಬೀಜದ ಕಂಪನಿಯ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಕೊಡುತ್ತಿದ್ದೆ. ಮೇಲೆ ಒಂದು ತಿಂಗಳು ಹೈಬ್ರಿಡ್ ಟೊಮೆಟೊ, ಒಂದು ತಿಂಗಳು ಬದನೆಕಾಯಿ. ಅಕ್ಕೋರು ಬಿಡುವಿನಲ್ಲಿ ಅದನ್ನು ಓದುವುದನ್ನು ನೋಡಿ ಹೆಡ್‌ಮಾಸ್ತರರು, “ಅಕ್ಕೋರ, ಎಲ್ಲಿ ಹೊಲಾ ತಗೊಂಡ್ರಿ?” ಎಂದು ಕೇಳಿದರಂತೆ.

ತೆಗೆದ ಚಿತ್ರಗಳನ್ನು ನಾನು ಬ್ಯಾಡಗಿಗೆ ಒಯ್ಯುತ್ತಿದ್ದೆ. ಅಲ್ಲಿ ಚನ್ನಬಸಣ್ಣ ಎಂಬ ಮೆಣಸಿನಕಾಯಿ ದಲಾಲರು ಬರೀ ಚಿತ್ರ ಕೊಳ್ಳುತ್ತಿದ್ದರು. “ನನಗ ಇಂಗ್ಲಿಷ್ ಬರೂದಿಲ್ಲಪಾ, ಓದೂ ಹಾಳಿಗೆ ಯಾಕ ರೊಕ್ಕಾ ಕೊಡ್ಲಿ?” ಎಂಬುದು ಅವರ ನ್ಯಾಯ. ಒಂದೇ ಪ್ರತಿ, ಎರಡು ಕಡೆ ಮಾರಾಟ. ಅದನ್ನು ನಾನು ಜಾಣತನ ಅಂದುಕೊಂಡಿದ್ದೆ. ಹಾಳೆಗೆ ಎರಡು ಮಗ್ಗುಲು ಇರುತ್ತವೆ ಎಂಬುದು ನನ್ನ ಜಾಣತನಕ್ಕೆ ಹೊಳೆದಿರಲಿಲ್ಲ.

ಒಂದು ತಿಂಗಳು ಅಕ್ಕೋರು ಗಾಬರಿಯಿಂದ ಬಂದರು. ಆ ಸಲದ್ದು ದರ್ಜಿಯೊಬ್ಬನ ಕಥೆ. ಸಮುದ್ರದ ಬಂದರಿನ ಊರೊಂದರ ದರ್ಜಿ, ಹಡಗಿನ ನಾವಿಕನೊಬ್ಬನಿಗೆ ನೀಲಿ ಕೋಟು ಹೊಲಿದಿಟ್ಟಿದ್ದಾನೆ. ನಾವಿಕ ಹೋದವನು ವರ್ಷಗಟ್ಟಲೆ ಬರುವುದಿಲ್ಲ. ದರ್ಜಿ ಕೋಟನ್ನು ಯಾರಿಗೂ ಮಾರುವುದಿಲ್ಲ. ಕೊನೆಗೊಂದು ದಿನ ಬಾಗಿಲಲ್ಲಿ ಆ ನಾವಿಕ ನಿಂತಿದ್ದಾನೆ. ಅಲ್ಲಿಗೆ ಹಾಳೆ ಮುಗಿದಿದೆ.

“ಕಡೀ ಹಾಳಿ ಎಲ್ಲೈತಿ ನಿಂಗಪ್ಪ? ನಾ ಉಳಿದದ್ದೆಲ್ಲಾ ಕಳಿಸಿಬಿಟ್ಟೀನಿ. ಅವರು ಅಚ್ಚಿಗೆ ಹಚ್ಚಾಕತ್ಯಾರ.”

ಕಡೆಯ ಹಾಳೆ ಬ್ಯಾಡಗಿಯಲ್ಲಿತ್ತು. ಮರುದಿನ ಓಡಿದೆ. ಚನ್ನಬಸಣ್ಣ ತಮ್ಮ ಗಲ್ಲಾಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಎತ್ತಿ ತೋರಿಸಿದರು. ಮುಚ್ಚಳದ ಹೊರಗೆ ಲಕ್ಷ್ಮಿಯ ಫೋಟೊ, ಒಳಗೆ ನನ್ನ ಹಾಳೆ, ಸುತ್ತಲೂ ಸರೇಸು ಬಳಿದು ಬಿಗಿಯಾಗಿ ಅಂಟಿಸಿದ್ದು.

“ಅಣ್ಣಾರ, ಇದರ ಹಿಂದಿನ ಮಗ್ಗಲಾ ಓದಬೇಕಾಗೈತ್ರಿ.”

“ಹಿಂದಿನ ಮಗ್ಗಲದಾಗ ಏನೈತಿ? ಈಕಿ ಬೆನ್ನೇನು?”

“ಕಥಿರೀ.”

“ನನ್ನ ಮುಂದ ಕಥಿ ಹೇಳಬ್ಯಾಡ. ಕಿತ್ರ ಹರೀತೈತಿ. ನಡಿ ನಡಿ.”

ಅಂಗಡಿಯಲ್ಲಿ ಆ ತಿಂಗಳ ಪ್ರತಿಗಳೆಲ್ಲ ಖಾಲಿ, ಹುಬ್ಬಳ್ಳಿಯಲ್ಲೂ ಇಲ್ಲ. ವಕೀಲರ ಹತ್ತಿರ ಒಂದಿತ್ತು. ಅವರನ್ನು ಕೇಳಿದರೆ ಯಾರಿಗೆ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಅಕ್ಕೋರಿಗೆ ಹೇಳಿಬಿಡಬಹುದಿತ್ತು. ಅವರ ಹಾಳೆಯನ್ನು ಮಾರಿಕೊಂಡಿದ್ದೇನೆ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಬದಲಿಗೆ ಹೇಳಿದೆ: “ಹಾಳಿ ಹರದು ಹೋತ್ರಿ ಅಕ್ಕೋರ. ಆದ್ರ ನಾ ಓದೇನಿ. ಹೇಳ್ತೇನ್ರಿ, ಬರಕೋರಿ.”

“ನೀ ಓದಿದ್ಯೇನು? ಹೇಳು.”

ಹೇಳಿದೆ. ನೋಡಿದ ಸಿನಿಮಾಗಳೆಲ್ಲ ಸಹಾಯಕ್ಕೆ ಬಂದವು. ನಾವಿಕ ಕೋಟು ತೊಟ್ಟ, ಅಳತೆಗೆ ತಕ್ಕಂತೆ ಕೂತಿತು. ಇಬ್ಬರೂ ತಬ್ಬಿಕೊಂಡು ಅತ್ತರು. ಅಷ್ಟಕ್ಕೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆನೇನೋ. ಅಕ್ಕೋರು ಬರೆಯುತ್ತಲೇ ಇದ್ದರು, ನನಗೂ ಹುಮ್ಮಸ್ಸು ಬಂತು. ಒಳಗಿನಿಂದ ದರ್ಜಿಯ ಮಗಳು ಚಹಾ ತಂದಳು, ನಾವಿಕ ಅದೇ ಕೋಟಿನಲ್ಲಿ ಅವಳನ್ನು ಮದುವೆಯಾದ.

ಅಕ್ಕೋರು ಪೆನ್ನು ಎತ್ತಿದರು. “ದರ್ಜಿಗೆ ಮಗಳಿದ್ದಳ? ಇಷ್ಟೊತ್ತನ ಎಲ್ಲೂ ಬಂದಿಲ್ಲಲ್ಲ.”

“ಆ ಹಾಳ್ಯಾಗ ಬಂದಾಳ್ರಿ.”

ಕಥೆ ಅಚ್ಚಾಯಿತು. ಮಗಳೂ ಅಚ್ಚಾದಳು. ಕೆಲವು ವಾರ ಕಳೆದ ಮೇಲೆ ಧಾರವಾಡದ ಪ್ರಾಧ್ಯಾಪಕರೊಬ್ಬರ ಪತ್ರ ಅದೇ ಪುರವಣಿಯಲ್ಲಿ ಬಂತು. ಮೂಲ ಕಥೆಯನ್ನು ತಾವು ಓದಿರುವುದಾಗಿಯೂ, ಅದರಲ್ಲಿ ದರ್ಜಿಗೆ ಮಗಳೇ ಇಲ್ಲವೆಂದೂ, ಅನುವಾದಕಿ ಲೇಖಕನಿಗೆ ದ್ರೋಹ ಮಾಡಿದ್ದಾರೆಂದೂ ಬರೆದಿದ್ದರು. ಮೂಲವನ್ನು ಅವರು ಎಲ್ಲಿ ಓದಿದರು ಎಂದು ಯಾರೂ ಕೇಳಲಿಲ್ಲ. ಗಂಡಸರು ಎಲ್ಲಿ ಬೇಕಾದರೂ ಓದಬಹುದಿತ್ತು. ಅಕ್ಕೋರಿಗೆ ಮಾತ್ರ ಸಂಪಾದಕರು, ಮೂಲದ ಪ್ರತಿ ಕಳಿಸಿರಿ ಎಂದು ಕಾರ್ಡು ಹಾಕಿದರು.

ಅಕ್ಕೋರು ಕಟ್ಟೆಗೆ ಬಂದರು. ಸಿಟ್ಟಿರಲಿಲ್ಲ, ದನಿ ಬಹಳ ಸಣ್ಣಗಿತ್ತು.

“ಖರೇ ಹೇಳು ನಿಂಗಪ್ಪ. ದರ್ಜಿಗೆ ಮಗಳು ಇದ್ದಳೇನು?”

“ಇದ್ದಳ್ರಿ,” ಎಂದೆ.

ಮೊದಲನೆಯದು ಅವಸರದ ಸುಳ್ಳು ಎಂದು ಇಟ್ಟುಕೊಳ್ಳೋಣ. ಎರಡನೆಯದಕ್ಕೆ ಯಾವ ಹೆಸರೂ ಇಲ್ಲ. ಅವರು “ಆತು,” ಎಂದು ಹೊರಟುಹೋದರು. ಮೂಲ ಕಳಿಸಿದರೆ ನೌಕರಿ ಹೋಗುತ್ತದೆ, ಕಳಿಸದಿದ್ದರೆ ಹೆಸರು ಹೋಗುತ್ತದೆ. ಅವರು ಕಳಿಸಲಿಲ್ಲ. ಪುರವಣಿಯವರು ಮತ್ತೆ ಅವರ ಕಥೆ ಹಾಕಲಿಲ್ಲ. ನನ್ನ ಹತ್ತಿರ ಟೊಮೆಟೊ ರಟ್ಟಿನ ಪುಸ್ತಕ ಕೇಳಿಕೊಂಡು ಅವರು ಮತ್ತೆ ಬರಲೂ ಇಲ್ಲ. ಆಮೇಲೂ ನಾನು ಬಹಳ ವರ್ಷ ಅದೇ ಕಟ್ಟೆಯ ಮೇಲೆ ಕೂತೆ. ಅವರು ಶಾಲೆಗೆ ಹೋಗುವ ಹೊತ್ತಿಗೆ ಬಂಡಲು ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಮುಂದೆ ಕಸುಬೂ ಬದಲಾಯಿತು. ತೊಂಬತ್ತರ ದಶಕದಲ್ಲಿ ಮುಂಬೈದು ಪ್ಲಾಸ್ಟಿಕ್ ಚೀಲದಲ್ಲಿ ಸೀಲಾಗಿ ಬರತೊಡಗಿತು. ಖಾಕಿ ಕಾಗದ, ದಬ್ಬಳ, ಎಲ್ಲಾ ಮೂಲೆಗೆ. ಮನೆಮನೆಗೆ ಕೇಬಲ್ ಬಂದಮೇಲೆ ಮ್ಯಾನೇಜರರ ಕೆಮ್ಮೂ ವಾಸಿಯಾಯಿತು. ಸಾಹೇಬರು ಹಜ್ ಮುಗಿಸಿ ಬಂದು, “ಇನ್ನ ಕುರ್ಚಿ ತಿರುಗಸೂದ ಬ್ಯಾಡ, ಆ ಬಂಡಲನ ಬ್ಯಾಡ,” ಎಂದು ಹೇಳಿ, ಹುಬ್ಬಳ್ಳಿಯ ಏಜೆಂಟರಿಗೂ ಹಾಗೇ ಬರೆದು ಕಳಿಸಿ, ಮುಖ ರಸ್ತೆಯ ಕಡೆ ಮಾಡಿ ಕೂತರು. ಆ ಜಾಗದಲ್ಲಿ ಸ್ಪರ್ಧಾ ಪರೀಕ್ಷೆಯ ಪುಸ್ತಕ ಇಟ್ಟೆವು. ಅವನ್ನು ಕೊಳ್ಳುವವರು ಹೆಸರು ಹಿಡಿದೇ ಕೇಳುತ್ತಿದ್ದರು. ನನಗೆ ಬಹಳ ದಿನ ಅದು ಸಪ್ಪೆ ಅನಿಸುತ್ತಿತ್ತು.

ಅಂಗಡಿ ಬಿಟ್ಟ ಮೇಲೆ ಒಂದು ಸಲ ಖಾರಪುಡಿಗೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದೆ. ಚನ್ನಬಸಣ್ಣನ ಅಂಗಡಿ ಮುಂದೆ ಗದ್ದಲ. ಮಗ ಹಳೆಯ ಗಾದಿ ತೆಗೆಸಿ ಕಬ್ಬಿಣದ ಟೇಬಲ್ಲು ಹಾಕಿಸುತ್ತಿದ್ದ. ಮುದುಕರಾದ ಚನ್ನಬಸಣ್ಣ ಗಲ್ಲಾಪೆಟ್ಟಿಗೆಯ ಮೇಲೆ ಕೂತುಬಿಟ್ಟಿದ್ದರು.

“ಅಪ್ಪಾ, ಏಳ್ರಿ, ರದ್ದಿಯಾಂವ ಬಂದಾನ,” ಎನ್ನುತ್ತಿದ್ದ ಮಗ.

“ನಾ ಏಳಂಗಿಲ್ಲ. ಇದು ಲಕ್ಷ್ಮಿ ಪೆಟಗಿ!”

ನನ್ನನ್ನು ಕಂಡು ಅವರಿಗೆ ಜೀವ ಬಂತು. ಹತ್ತಿರ ಕರೆದು ಕಿವಿಯಲ್ಲಿ, “ನಿಂಗಪ್ಪ, ನಿನ್ನ ಮಾಲು ಇನ್ನೂ ಒಳಗೈತೋ. ಮೊಮ್ಮಕ್ಕಳು ಮುಚ್ಚಳಾ ತಗದ್ರ ನನ್ನ ಮರ್ಯಾದಿ ಏನಾದೀತು? ಪೆಟಗಿ ಸೈತ ಒಯ್ಯಪಾ,” ಎಂದರು.

ಪೆಟ್ಟಿಗೆಯನ್ನು ಹೊತ್ತುಕೊಂಡು ಸ್ಟೇಷನ್ನಿಗೆ ಬಂದು, ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದೆ. ಸರೇಸು ಒಣಗಿ ಹೊಪ್ಪಳೆ ಎದ್ದಿತ್ತು, ಹಾಳೆ ಇಡಿಯಾಗಿ ಬಿಟ್ಟುಬಂತು. ವರ್ಷಗಟ್ಟಲೆ ಮೆಣಸಿನಕಾಯಿ ಧೂಳು ಕುಡಿದದ್ದಕ್ಕೆ ಒಂದು ಹುಳವೂ ಮುಟ್ಟಿರಲಿಲ್ಲ. ಹಾಳೆ ತಿರುವಿದೆ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದೆ. ದರ್ಜಿ ಇದ್ದ, ಕೋಟು ಇತ್ತು. ಮಗಳು ಇರಲಿಲ್ಲ.

ರಾಣೆಬೆನ್ನೂರಿನ ಗಾಡಿ ಬಂದು ಹೋಯಿತು. ನಾನು ಹಾವೇರಿಯ ಗಾಡಿ ಹತ್ತಿದೆ.

ಅಕ್ಕೋರು ನಿವೃತ್ತರಾಗಿ ತಂಗಿಯ ಜೊತೆ ಇದ್ದರು. ಗುರುತು ಹಿಡಿದರು. “ಬಾ, ಕುಂದರು,” ಎಂದರೇ ಹೊರತು ನಗಲಿಲ್ಲ. ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ, ಬ್ಯಾಡಗಿಗೆ ಮಾರಿದ್ದು, ಮುಚ್ಚಳಕ್ಕೆ ಅಂಟಿದ್ದು, ನನ್ನ ಸಿನಿಮಾ, ಎರಡು ಸುಳ್ಳು. ಅಂಗಡಿಗೆ ಹೊಸದಾಗಿ ಬರುವ ಹುಡುಗರ ಸಲುವಾಗಿ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದೂ ಹೇಳಿ ಹಾಳೆ ಮುಂದಿಟ್ಟೆ. ಅವರು ಅದನ್ನು ಮುಖದ ಹತ್ತಿರ ಹಿಡಿದು, ಓದುವ ಮೊದಲೇ ಸೀನಿದರು. ಮತ್ತೆ ಸೀನಿದರು. ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿಯದೋ ಅಲ್ಲವೋ ನಾನು ಹೇಳಲಾರೆ.

“ಈ ಹಾಳಿ ಇಷ್ಟು ವರ್ಷ ಬ್ಯಾಡಗಿಯೊಳಗ ಇತ್ತು?”

“ಹೌದ್ರಿ.”

“ನಾ ಕೇಳಿದಾಗ ನಿನಗ ಗೊತ್ತಿತ್ತು?”

“ಗೊತ್ತಿತ್ರಿ.”

ಅಕ್ಕೋರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಬೈದರು. ಮೂವತ್ತು ಮಕ್ಕಳ ತರಗತಿಯನ್ನು ಸುಮ್ಮನಿರಿಸುತ್ತಿದ್ದ ದನಿಯಲ್ಲಿ ಬೈದರು. ಒಳಗಿನಿಂದ ತಂಗಿ ಓಡಿಬಂದು ನೋಡಿ ಹೋದರು. ಬೈದು ದಣಿದ ಮೇಲೆ, “ನಾನೂ ಶಾಣ್ಯಾಕಿ ಏನಲ್ಲ,” ಎಂದರು. “ಪುಟ ನೋಡದನ, ನಿನ್ನ ಬಾಯಿ ಮಾತ ಬರಕೊಂಡೆ. ಮಗಳು ಚಹಾ ತಂದಾಗನ ನನಗ ಸಂಶೇ ಬರಬೇಕಾಗಿತ್ತು. ಯಾವ ಸಿನಿಮಾದಾಕಿ ಆಕಿ?”

“ಮೂರ್ನಾಕು ಸಿನಿಮಾ ಕೂಡಿ ಹುಟ್ಟಿದಾಕಿ ಅಕ್ಕೋರ.”

ತುಟಿಯ ತುದಿ ಅಲುಗಿತು. ಅಷ್ಟೇ ನನಗೆ ಸಾಕಾಯಿತು. ಅವರು ಹಾಳೆ ತಿರುವಿ ಚಿತ್ರದ ಹೆಣ್ಣುಮಗಳನ್ನು ನೋಡಿದರು. ಬಣ್ಣ ಮಾಸಿ ಮುಖವಷ್ಟೇ ಸ್ಪಷ್ಟ ಉಳಿದಿತ್ತು. “ಈಕಿಗೂ ಈಗ ಮೊಣಕಾಲ ನೋವು ಬಂದಿರಬೇಕು,” ಎಂದರು. ನಾನು ಅಷ್ಟು ವರ್ಷ ಆ ಚಿತ್ರದ ಹೆಣ್ಣುಮಕ್ಕಳನ್ನೆಲ್ಲ ಹಾಳೆಯ ಲೆಕ್ಕದಲ್ಲೇ ಮಾರಿದ್ದೆ. ಅವರಿಗೂ ವಯಸ್ಸಾಗುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ನಂತರ ಅಕ್ಕೋರು ಕನ್ನಡಕ ಒರೆಸಿಕೊಂಡು ಪೆನ್ನು ತೆಗೆದರು. ನನ್ನನ್ನು ಎದುರಿಗೆ ಕೂಡಿಸಿಕೊಂಡು, ಆ ಹಾಳೆಯ ಕಥೆಯನ್ನು ಕನ್ನಡಕ್ಕೆ ಇಳಿಸಿ, ಒಂದೆರಡು ಕಡೆ ಹೊಡೆದುಹಾಕಿ, ಮತ್ತೆ ಬರೆದು ಮುಗಿಸಿದರು.

“ನೀ ಏನೋ ಹುಡುಗರ ಸಲುವಾಗಿ ಬರೀತೀನಿ ಅಂದೆಲ್ಲ, ಅದರ ಕಡೀಗೆ ಇದನ್ನ ಹಾಕು.”

“ನಿಮ್ಮ ಹೆಸರ ಬಿಡ್ಲೇನ್ರಿ?”

“ಯಾಕ ಬಿಡ್ತಿ? ಪೂರ್ತಿ ಹಾಕು. ಮತ್ತ ನಿಂಗಪ್ಪ, ಒಂದ ಅಕ್ಷರ ಕೂಡಿಸಬ್ಯಾಡ.”

ಕೂಡಿಸಿಲ್ಲ. ಅವರು ಬರೆದದ್ದು ಇಲ್ಲಿದೆ.

‘ಕೋಟು ಹೆಗಲಿಗೆ ಬಂತು, ಹೊಟ್ಟೆಯ ಮೇಲೆ ನಿಂತಿತು. ಗುಂಡಿ ಕಾಜಿನವರೆಗೆ ತಲುಪಲಿಲ್ಲ. ನಾವಿಕ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, “ಬಹಳ ತಡಮಾಡಿದೆ,” ಎಂದ. ದರ್ಜಿ ಏನೂ ಹೇಳದೆ ಕೋಟನ್ನು ಬಿಚ್ಚಿಸಿ, ಒಳಮಗ್ಗುಲು ತಿರುವಿ, ಹೊಲಿಗೆಗೆ ಕತ್ತರಿಯ ತುದಿ ಇಟ್ಟ. ಎಳೆ ಒಂದೊಂದಾಗಿ ಬಿಟ್ಟಿತು. ಮಡಿಕೆಯೊಳಗಿಂದ ಬಿಸಿಲು ಕಾಣದ ಬಟ್ಟೆ ಹೊರಬಂತು, ಇನ್ನೂ ಮೊದಲ ದಿನದ ನೀಲಿ. “ಒಳಗೆ ಬಟ್ಟೆ ಬಿಟ್ಟಿದ್ದೇನೆ,” ಎಂದ ದರ್ಜಿ. “ಕುಳಿತುಕೊಳ್ಳಿ.”’

ಅನುವಾದ: ಸುಶೀಲಾ ಹೊಸಮನಿ, ಹಾವೇರಿ